ತೆಳ್ಳಗಿನ ಹದ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ಕೆಲಸ ಮಾಡುವ ಫೌಂಡ್ರಿಯಲ್ಲಿ ಊಟಕ್ಕೆ ಕುಳಿತಾಗ ಮಾತು ಎಲ್ಲೆಲ್ಲಿಗೋ ಹೊರಳಿ, ನಾನು ಇಂಗ್ಲೆಂಡಿನಲ್ಲಿದ್ದಾಗ ಮನೆಯಲ್ಲೇ ಬಿಯರ್ ತಯಾರಿಸುತ್ತಿದ್ದ ಸಂಗತಿಗೆ ಬಂದು ನಿಂತಿತು. ಮೋಲ್ಡಿಂಗ್ ವಿಭಾಗದ ಹುಡುಗನೊಬ್ಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳತೊಡಗಿದ. ಯಾವ ಧಾನ್ಯ, ಎಷ್ಟು ದಿನ, ಯಾವ ಪಾತ್ರೆ ಎಂದೆಲ್ಲ ವಿಚಾರಿಸಿದ ಮೇಲೆ ಅವನು ನಿಜವಾಗಿ ಕೇಳಬೇಕೆಂದಿದ್ದ ಪ್ರಶ್ನೆ ಹೊರಬಂತು: “ಎಷ್ಟ ಪರ್ಸೆಂಟ್ ಇರತಿತ್ರಿ ಸರ?” ಮೂರೂಮುಕ್ಕಾಲು, ಹೆಚ್ಚೆಂದರೆ ನಾಲ್ಕು ಎಂದೆ. ಅವನ ಮುಖದ ಮೇಲಿದ್ದ ಕುತೂಹಲ ಇಳಿದುಹೋಯಿತು. “ಅಷ್ಟ ಏನ್ರಿ? ಹಂಗಾದ್ರ ನೀರ ಆತಲ್ರಿ ಅದು” ಎಂದವನೇ ಮತ್ತೆ ರೊಟ್ಟಿಗೆ ಕೈಹಾಕಿದ. ನಾನು ಏನೂ ಹೇಳಲಿಲ್ಲ. ಆದರೆ ಆ ‘ನೀರು’ ಎಂಬ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿದೆ. ಆ ‘ನೀರಿ’ನ ಹದ ಹಿಡಿಯಲು ನನಗೆ ಸುಮಾರು ಎರಡು ವರ್ಷ ಬೇಕಾಗಿತ್ತು ಎಂಬುದನ್ನು ಅವನಿಗೆ ಹೇಗೆ ತಿಳಿಸಬೇಕಿತ್ತು ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಆ ಹುಡುಗನನ್ನು ದೂರುವಂತಿಲ್ಲ. ಬಾರಿನ ಕೌಂಟರಿನಲ್ಲಿ ನಮ್ಮ ಜನ ಮೊದಲು ಕೇಳುವುದೇ ‘ಸ್ಟ್ರಾಂಗ್’ ಎಂದು. ದೇಶದಲ್ಲಿ ಖರ್ಚಾಗುವ ಬಿಯರಿನಲ್ಲಿ ಬಹುಪಾಲು ಶೇಕಡಾ 5ರಿಂದ 8ರ ನಡುವಿನದು. ನಮ್ಮ ಭಾಷೆಯೂ ಅದನ್ನೇ ಹೇಳುತ್ತದೆ. “ಅಂವ ಕುಡೀತಾನ” ಎಂದರೆ ಸಾಕು, ಏನನ್ನು ಎಂದು ಯಾರೂ ಕೇಳುವುದಿಲ್ಲ. ಆ ಕ್ರಿಯಾಪದಕ್ಕೆ ಕರ್ಮಪದದ ಅಗತ್ಯವೇ ಉಳಿದಿಲ್ಲ. ಅದರ ಹಿಂದೆ ಒಂದು ಮನೆಯ ದುಃಖ, ಅಡವಿಟ್ಟ ಬಂಗಾರ, ಮಾರಿಹೋದ ಹೊಲ ಎಲ್ಲವೂ ಇರುತ್ತವೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ಬೈಲಹೊಂಗಲದ ಕಡೆಯ ನಮ್ಮೂರಿನ ಹೆಣ್ಣುಮಕ್ಕಳು ಬಿಟ್ಟ ನಿಟ್ಟುಸಿರು ನನಗೆ ನೆನಪಿದೆ. ಮದ್ಯವನ್ನು ಅಮಲಿನ ಅಳತೆಯಿಂದಲೇ ಅಳೆಯುವ ನಾಡಿನಲ್ಲಿ ಅಮಲು ಕಡಿಮೆ ಇರುವುದು ಕೊರತೆಯಾಗಿಯೇ ಕಾಣುತ್ತದೆ. ಅದು ಉದ್ದೇಶಪೂರ್ವಕವಾಗಿ, ಬಹಳ ಶ್ರಮದಿಂದ ಸಾಧಿಸಿದ ಒಂದು ಗುಣವಾಗಿರಬಹುದು ಎಂದು ತೋರುವುದೇ ಇಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಬೆಳಗಾವಿಗೆ ಮರಳಿದ ಮೇಲೆ ನಾನು ಒಂದು ಲೀಟರನ್ನೂ ಮಾಡಿಲ್ಲ. ಇಲ್ಲಿ ಬರೆಯುತ್ತಿರುವುದೆಲ್ಲ ಅಲ್ಲಿಯ ನಾಲ್ಕು ವರ್ಷಗಳ ಅನುಭವ.

ಶೆಫೀಲ್ಡಿನ ಅಡುಗೆಮನೆ

ಕಂಪನಿಯ ಕೆಲಸದ ಮೇಲೆ ನಾನು ಶೆಫೀಲ್ಡಿಗೆ ಹೋದಾಗ ಪಕ್ಕದ ಮನೆಯಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಎರಕದ ಕೆಲಸವೇ ನಮ್ಮಿಬ್ಬರ ಪರಿಚಯಕ್ಕೆ ಕಾರಣವಾಯಿತು. ಅವರ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಸದಾ ಒಂದು ಪ್ಲಾಸ್ಟಿಕ್ ಡ್ರಮ್ಮು ಗುಳುಗುಳು ಎನ್ನುತ್ತಿತ್ತು. ಬ್ರಿಟನ್ನಿನಲ್ಲಿ ಮನೆಯ ಬಳಕೆಗೆ ಬಿಯರ್ ಮಾಡುವುದಕ್ಕೂ 1880ರಿಂದ ಪರವಾನಗಿ ಬೇಕಾಗಿತ್ತು. 1963ರ ಬಜೆಟ್ಟಿನಲ್ಲಿ ಅಂದಿನ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಅದನ್ನು ತೆಗೆದುಹಾಕಿದ ಮೇಲೆ, ಮಾರದೇ ಇರುವ ತನಕ ಯಾರು ಬೇಕಾದರೂ ಮಾಡಿಕೊಳ್ಳಬಹುದಾಯಿತು. ಆ ಹಿರಿಯರು ತಮ್ಮ ತಂದೆಯಿಂದ ಕಲಿತಿದ್ದರು. ಅವರು ಮಾಡುತ್ತಿದ್ದುದು ಒಂದೇ ಬಗೆ: ತಿಳಿಬಂಗಾರದ ಬಣ್ಣದ, ಹಗುರವಾದ ಏಲ್ ಎಂಬ ಬಿಯರ್. ಕುಲುಮೆಯ ಮುಂದೆ ಎಂಟು ತಾಸು ಬೆವರಿದವನು ಎರಡು ಗ್ಲಾಸು ಕುಡಿದು ನೆಟ್ಟಗೆ ನಡೆದು ಮನೆಗೆ ಹೋಗಬೇಕು, ಹೆಂಡತಿ ಮಕ್ಕಳೊಡನೆ ಕುಳಿತು ಉಣ್ಣಬೇಕು, ಅದಕ್ಕಾಗಿ ಹುಟ್ಟಿದ ಪಾನೀಯ ಇದು ಎಂದು ಅವರು ವಿವರಿಸಿದ್ದರು.

ಮಾಲ್ಟ್ ಎಂದರೇನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ ಕೂಸಿಗೆ ಕುಡಿಸುವ ಮನೆಗಳಲ್ಲಿ ಬೆಳೆದವರು ನಾವು. ಬಾರ್ಲಿಗೂ ಅದೇ ಕ್ರಮ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಎಚ್ಚರಗೊಂಡಿರುತ್ತವೆ. ಬಿಸಿನೀರು ಸಿಕ್ಕೊಡನೆ ಅವು ಕೆಲಸಕ್ಕೆ ತೊಡಗುತ್ತವೆ. ಇಪ್ಪತ್ತು ಲೀಟರ್ ಏಲ್‌ಗೆ ಹಿರಿಯರ ಲೆಕ್ಕ ಹೀಗಿತ್ತು: 3.3 ಕಿಲೋ ತಿಳಿ ಮಾಲ್ಟು, ಬಣ್ಣಕ್ಕೂ ತುಸು ಸಿಹಿಗೂ 150 ಗ್ರಾಂ ಕ್ರಿಸ್ಟಲ್ ಮಾಲ್ಟು, ಕುದಿ ಹತ್ತಿದೊಡನೆ ಕಹಿಗಾಗಿ 30 ಗ್ರಾಂ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ ಹೂವು, ಕುದಿ ಮುಗಿಯುವ ಹದಿನೈದು ನಿಮಿಷದ ಮುಂಚೆ ಪರಿಮಳಕ್ಕಾಗಿ ಇನ್ನೊಂದು 20 ಗ್ರಾಂ, ಏಲ್ ಯೀಸ್ಟಿನ 11 ಗ್ರಾಮಿನ ಒಂದು ಪೊಟ್ಟಣ. ನುರಿದ ಮಾಲ್ಟನ್ನು ಬಿಸಿನೀರಿನಲ್ಲಿ ಒಂದು ತಾಸು ನೆನೆಯಿಟ್ಟು, ರಸ ಬಸಿದು, ಒಂದು ತಾಸು ಕುದಿಸಿ, 20 ಡಿಗ್ರಿಗೆ ಆರಿಸಿ ಯೀಸ್ಟ್ ಬೆರೆಸುವುದು. ಕಾಗದದ ಮೇಲೆ ಇಷ್ಟೇ. ಇದಕ್ಕಿಂತ ಸರಳವಾದ ಪಾಕ ಇರಲಾರದೆಂದು ನಾನು ನಂಬಿದ್ದೆ.

ನನ್ನ ಮೊದಲ ಏಲ್‌ನ ಬಾಟಲಿಯನ್ನು ಹಿರಿಯರ ಅಡುಗೆಮನೆಯ ಮೇಜಿನ ಮೇಲೆ ತೆರೆದದ್ದು ಒಂದು ಭಾನುವಾರದ ಸಂಜೆ. ಬಣ್ಣ ಚೆನ್ನಾಗಿತ್ತು, ನೊರೆಯೂ ನಿಂತಿತ್ತು. ಅವರು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು, ಮೂಗಿನ ಹತ್ತಿರ ತಂದರು, ಕುಡಿಯದೆ ಕೆಳಗಿಟ್ಟರು. “ನೀರಿಗೆ ಏನಾದರೂ ಮಾಡಿದೆಯಾ?” ಎಂದು ಕೇಳಿದರು. ನಳದ ನೀರನ್ನು ಹಾಗೆಯೇ ಬಳಸಿದ್ದೆ. ಒಂದು ಗುಟುಕು ಕುಡಿದು ನೋಡಿದೆ: ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವಾಗ ಬರುವ ವಾಸನೆ, ನಾಲಿಗೆಯ ಮೇಲೆ ಪ್ಲಾಸ್ಟಿಕ್ಕಿನ ಲೇಪ. ನಳದ ನೀರಿನ ಕ್ಲೋರಿನ್ನು ಮಾಲ್ಟು ಮತ್ತು ಯೀಸ್ಟಿನಿಂದ ಬರುವ ಫೀನಾಲುಗಳೊಡನೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಅದು ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟಿದ್ದರೂ ನಾಲಿಗೆ ಅದನ್ನು ಹಿಡಿಯುತ್ತದೆ. ಅದಕ್ಕೆ ಮದ್ದು ಕ್ಯಾಂಪ್‌ಡೆನ್ ಗುಳಿಗೆ ಎಂಬ ಸಲ್ಫೈಟ್ ಮಾತ್ರೆ. ಇಪ್ಪತ್ತು ಲೀಟರಿಗೆ ಅರ್ಧ ಗುಳಿಗೆ ಪುಡಿಮಾಡಿ ಹಾಕಿದರೆ ಕ್ಲೋರಿನ್ ನಿಮಿಷಗಳಲ್ಲಿ ಹೋಗುತ್ತದೆ. ಹಿರಿಯರು ಆ ಹೊತ್ತಿನಲ್ಲಿ ಹೇಳಿದ ಮಾತನ್ನು ನಾನು ಮರೆತಿಲ್ಲ. ಇದೇ ನೀರಿನಲ್ಲಿ ಸುಟ್ಟ ಮಾಲ್ಟು ಸುರಿದು ಸ್ಟೌಟ್ ಎಂಬ ಕಪ್ಪು ಬಿಯರ್ ಮಾಡಿದ್ದರೆ ಈ ದೋಷ ಅರ್ಧ ಮುಚ್ಚಿಹೋಗುತ್ತಿತ್ತು, ಹಗುರವಾದದ್ದನ್ನು ಮಾಡಲು ಹೊರಟಿರುವೆ, ಇದರಲ್ಲಿ ಅಡಗಲು ಜಾಗವಿಲ್ಲ ಎಂದರು. ಅವರು ಉಳಿದದ್ದನ್ನು ಬಚ್ಚಲಿಗೆ ಸುರಿಯಲಿಲ್ಲ. ನನ್ನ ಕೈಯಲ್ಲೇ ಸುರಿಸಿದರು. ಮೂವತ್ತೆಂಟು ಬಾಟಲಿ.

ಎರಡನೆಯ ಬಾರಿ ನೀರು ಸರಿಯಾಯಿತು, ಬಿಸಿ ತಪ್ಪಿತು. ಮಾಲ್ಟು ನೆನೆಯುವ ಬಿಸಿಯಲ್ಲೇ ಹಗುರ ಏಲ್‌ನ ಗುಟ್ಟೆಲ್ಲ ಇರುವುದು. 62 ಡಿಗ್ರಿಯ ಆಸುಪಾಸಿನಲ್ಲಿ ಒಂದು ಕಿಣ್ವ ಚುರುಕಾಗಿ, ಯೀಸ್ಟು ಪೂರ್ತಿ ತಿಂದುಬಿಡಬಲ್ಲ ಸಕ್ಕರೆಯನ್ನು ಹೆಚ್ಚಾಗಿ ಮಾಡುತ್ತದೆ. 68 ದಾಟಿದರೆ ಇನ್ನೊಂದು ಕಿಣ್ವದ ಕೈ ಮೇಲಾಗಿ, ಯೀಸ್ಟು ತಿನ್ನಲಾಗದ ದೊಡ್ಡ ಸಕ್ಕರೆಗಳು ಉಳಿಯುತ್ತವೆ. ಆ ಉಳಿದ ಅಂಶವೇ ಬಾಯಿಗೆ ಮೈ ಎನಿಸುವುದು. ಬಲವಾದ ಬಿಯರಿನಲ್ಲಿ ಮಾಲ್ಟು ಹೇರಳವಾಗಿರುವುದರಿಂದ ಎರಡು ಮೂರು ಡಿಗ್ರಿ ಅತ್ತಿತ್ತಾದರೂ ನಡೆದುಹೋಗುತ್ತದೆ. ಹಗುರವಾದದ್ದಕ್ಕೆ ಬಂಡವಾಳವೇ ಕಡಿಮೆ. ನಾನು ಪಾತ್ರೆ ತಣ್ಣಗಾದದ್ದನ್ನು ಗಮನಿಸದೆ 62ಕ್ಕೆ ಇಳಿಯಲು ಬಿಟ್ಟಿದ್ದೆ. ಹೈಡ್ರೋಮೀಟರ್ ರಸದ ಸಾಂದ್ರತೆಯನ್ನು ನೀರಿಗೆ (1.000) ಹೋಲಿಸಿ ಅಳೆಯುತ್ತದೆ, ಯೀಸ್ಟು ಸಕ್ಕರೆ ತಿಂದಷ್ಟೂ ಆ ಅಂಕಿ ಇಳಿಯುತ್ತದೆ. ಅದು ಆರಂಭದಲ್ಲಿ 1.038 ತೋರಿಸಿದ್ದು ಕೊನೆಯಲ್ಲಿ 1.005ಕ್ಕೆ ಹೋಗಿ ನಿಂತಿತು. ಆ ಹುಡುಗ ಅಂದ ‘ನೀರು’ ಎಂದರೆ ಇದೇ: ಅಮಲು ತುಸು ಹೆಚ್ಚೇ ಇತ್ತು, ಆದರೆ ಬಾಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಮುಂದಿನ ಸಲ ಪಾತ್ರೆಗೆ ಹಳೆಯ ಕಂಬಳಿ ಸುತ್ತಿ 67ರಲ್ಲಿ ಹಿಡಿದೆ, 1.010ಕ್ಕೆ ನಿಂತಿತು. ಅಮಲು ಕಡಿಮೆಯಾಯಿತು, ಕುಡಿದವರು ಮಾತ್ರ ಮೈದುಂಬಿದೆ ಎಂದರು. ಅಮಲಿಗೂ ಸತ್ವಕ್ಕೂ ಸಂಬಂಧವಿಲ್ಲ ಎಂಬುದು ನನಗೆ ಅಂದು ನಾಲಿಗೆಯಿಂದಲೇ ಗೊತ್ತಾಯಿತು.

ತೆಳು ಗೋಡೆಯ ಎರಕ

ಇದನ್ನು ನಾನು ಬೇಗ ಒಪ್ಪಿಕೊಂಡದ್ದಕ್ಕೆ ನನ್ನ ಕಸುಬೂ ಕಾರಣ. ಎರಕದ ಕೆಲಸ ತಿಳಿಯದವರು ದಪ್ಪ, ಭಾರದ ತುಂಡು ಎರೆಯುವುದೇ ಕಷ್ಟವೆಂದು ತಿಳಿಯುತ್ತಾರೆ. ದಪ್ಪ ತುಂಡಿಗೂ ಅದರದೇ ಆದ ತೊಂದರೆಗಳಿವೆ, ನಿಜ. ಆದರೆ ಅಲ್ಲಿ ಮೇಲ್ಮೈಯ ಒಂದೆರಡು ಮಿಲಿಮೀಟರ್ ದೋಷ ಮಷೀನಿಂಗಿನಲ್ಲಿ ಕೆತ್ತಿಹೋಗುತ್ತದೆ. ಕೆತ್ತಲು ಎಡೆಯೇ ಇಲ್ಲದ, ನಾಲ್ಕು ಮಿಲಿಮೀಟರ್ ಗೋಡೆಯ ಪಂಪಿನ ಹೊರಕವಚ ಎರೆದು ನೋಡಬೇಕು. ಕರಗಿದ ಕಬ್ಬಿಣದ ಬಿಸಿ ಸ್ವಲ್ಪ ಇಳಿದಿದ್ದರೆ ಅದು ಮೋಲ್ಡಿನ ಮೂಲೆ ತಲುಪುವ ಮೊದಲೇ ಹೆಪ್ಪುಗಟ್ಟುತ್ತದೆ. ಎರಡು ಕಡೆಯಿಂದ ಬಂದ ಲೋಹ ಕೂಡಿಕೊಳ್ಳದೆ ಕೂದಲೆಳೆಯಂಥ ಗೆರೆ ಉಳಿದು, ಒತ್ತಡ ಬಿದ್ದೊಡನೆ ಅಲ್ಲಿಯೇ ಬಿರುಕು ಬಿಡುತ್ತದೆ. ನಾವು ಅದನ್ನು ಕೋಲ್ಡ್ ಶಟ್ ಎನ್ನುತ್ತೇವೆ. ಮರಳಿನಲ್ಲಿ ತುಸು ಹಸಿ ಹೆಚ್ಚಾಗಿದ್ದರೆ ಗಾಳಿಗುಳ್ಳೆ ಗೋಡೆಯ ಆಚೆಗೇ ತೂತಾಗುತ್ತದೆ. ಲೋಹ ಕಡಿಮೆ ಹಿಡಿಯುವ ಎರಕಕ್ಕೆ ಎಚ್ಚರ ಹೆಚ್ಚು ಬೇಕು. ಮೋಲ್ಡಿಂಗ್ ವಿಭಾಗದ ಆ ಹುಡುಗನಿಗೆ ಇದು ಚೆನ್ನಾಗಿ ಗೊತ್ತು. ತೆಳು ತುಂಡಿನ ರಿಜೆಕ್ಷನ್ ಇಳಿಸುವುದರಲ್ಲಿ ಅವನ ಕೈ ನಮ್ಮಲ್ಲೇ ಒಳ್ಳೆಯದು. ಅಂದು ನಾನು ಅವನಿಗೆ ಈ ಹೋಲಿಕೆಯನ್ನು ಕೊಡಬೇಕಾಗಿತ್ತು.

ಗಡಿಗೆಯ ಮುಂದೆ ಅವ್ವ

ಶೆಫೀಲ್ಡಿನಲ್ಲಿದ್ದಾಗ ಒಮ್ಮೆ ವಿಡಿಯೋ ಕರೆಯಲ್ಲಿ ಅವ್ವನಿಗೆ ಆ ಡ್ರಮ್ಮು ಕಂಡುಬಿಟ್ಟಿತು. ಮದ್ಯದ ಹೆಸರೆತ್ತದ ಲಿಂಗಾಯತ ಮನೆ ನಮ್ಮದು. ಸುಳ್ಳು ಹೇಳುವ ಮನಸ್ಸಾಗದೆ, ಧಾನ್ಯವನ್ನು ಹುಳಿಯೇರಿಸುತ್ತಿದ್ದೇನೆ, ಇಲ್ಲಿಯ ಜನ ಕುಡಿಯುವಂಥದ್ದು, ಬಹಳ ಹಗುರ ಎಂದು ಹೇಳಿ ಅವ್ವನ ಮುಖ ನೋಡುತ್ತ ಕುಳಿತೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ನಾನು ನಿರೀಕ್ಷಿಸಿದ್ದ ಪ್ರಶ್ನೆಯಲ್ಲ. “ಡಬ್ಬಿ ಬಿಸಿನೀರಾಗ ತೊಳದಿಯೇನ ತಮ್ಮಾ? ಹುಳಿಗಿ ಹಾಕೂ ಮುಂದ ಕೈ ಹಸನಿರಬೇಕು. ಇಲ್ಲಂದ್ರ ಹುಳಿ ಬರೂದಿಲ್ಲ, ನಾತ ಬರತೈತಿ” ಎಂದಳು. ಹುದುಗಿನಲ್ಲಿ ಬೇಕಾದ ಜೀವಾಣು, ಬೇಡವಾದ ಜೀವಾಣು ಎಂಬ ವಿಂಗಡಣೆಯನ್ನು ಪಾಸ್ಚರ್ 1876ರಲ್ಲಿ ಬಿಯರಿನ ಮೇಲೆ ಬರೆದ ಗ್ರಂಥದಲ್ಲಿ ವಿಸ್ತಾರವಾಗಿ ಸಾಧಿಸಿದ್ದಾರೆ. ಅವ್ವ ಅದನ್ನು ಹುಳಿ ಮತ್ತು ನಾತ ಎಂಬ ಎರಡೇ ಮಾತುಗಳಲ್ಲಿ ಬೇರ್ಪಡಿಸಿದ್ದಳು.

ಅವ್ವ ಮಾಡುವುದು ಜೋಳದ ಅಂಬಲಿ. ಸಂಜೆ ಬಿಳಿಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ, ಹಿಂದಿನ ದಿನದ್ದು ಒಂದು ಸೌಟು ಬೆರೆಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿಡುವುದು. ಬೆಳಿಗ್ಗೆ ಉಪ್ಪು ಹಾಕಿದ ನೀರು ಕುದಿಬಂದಾಗ ಆ ಹುಳಿಹಿಟ್ಟನ್ನು ತಿರುವುತ್ತ ಸುರಿದು ಬೇಯಿಸುವುದು. ಆರಿದ ಮೇಲೆ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ. ಏಲ್‌ನಲ್ಲಿ ಕೆಲಸ ಮಾಡುವುದು ಯೀಸ್ಟು, ಅಂಬಲಿಯಲ್ಲಿ ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ. ಎರಡನ್ನೂ ಬೇರೆ ಮಾಡುವುದು ಹವೆ. ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಹುದುಗುವಾಗ ಅದು ತಾನೇ ಬಿಸಿ ಹುಟ್ಟಿಸುವುದರಿಂದ ಕೋಣೆ ಇನ್ನೂ ತಂಪಾಗಿರಬೇಕು. 25 ದಾಟಿದರೆ ಬಾಳೆಹಣ್ಣಿನ ವಾಸನೆ, ಗಂಟಲು ಸುಡುವ ಒರಟು ಮದ್ಯಾಂಶಗಳು ಬರುತ್ತವೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೋ ನಮ್ಮ ಬೇಸಿಗೆಯೇ ತವರುಮನೆ. ವಿಜಯಪುರದಲ್ಲಿರುವ ನನ್ನ ಅಕ್ಕ ಏಪ್ರಿಲ್‌ನ 40 ಡಿಗ್ರಿಯಲ್ಲಿ ಹಿಟ್ಟು ಕಲಸಿಟ್ಟರೆ ಆರೇ ತಾಸಿನಲ್ಲಿ ಹುಳಿಬರುತ್ತದೆ. ಮಳೆಗಾಲದ ಬೆಳಗಾವಿಯಲ್ಲಿ ಅದೇ ಹಿಟ್ಟಿಗೆ ಇಡೀ ರಾತ್ರಿಯೂ ಸಾಲದು.

ಅಂಬಲಿಯನ್ನು ತೆಳ್ಳಗೆ ಮಾಡುವುದಕ್ಕೆ ಕಾರಣ ರುಚಿಯಲ್ಲ ಎಂಬುದನ್ನು ಅವ್ವ ಯಾವತ್ತೂ ಮುಚ್ಚಿಟ್ಟಿಲ್ಲ. 1972ರ ಬರದಲ್ಲಿ ಅವಳಿನ್ನೂ ಸಣ್ಣ ಹುಡುಗಿ. ಮನೆಯಲ್ಲಿ ಒಂಬತ್ತು ಜನ. ಅವಳ ಅವ್ವ ಎರಡು ಹಿಡಿ ಹಿಟ್ಟನ್ನು ದೊಡ್ಡ ಗಡಿಗೆಯ ನೀರಿಗೆ ಹಾಕಿ ಎಲ್ಲರ ಹೊಟ್ಟೆ ತುಂಬಿಸಬೇಕಾಗಿತ್ತು. ‘ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ’ ಎಂಬ ಗಾದೆಯಲ್ಲಿ ಅಂಬಲಿ ಬಡತನದ ಗುರುತಾಗಿಯೇ ಬರುತ್ತದೆ. ಆದರೆ ಆ ಬಡತನದಲ್ಲೂ ಆ ಅಜ್ಜಿ ಅಂಬಲಿಯನ್ನು ಬರಿಯ ಬಿಳಿನೀರಾಗಲು ಬಿಡಲಿಲ್ಲವಂತೆ. ಹಿಟ್ಟು ಕಡಿಮೆಯಿದ್ದಾಗ ಹುಳಿಗೆ ಇನ್ನೂ ಹೆಚ್ಚು ಹೊತ್ತು ಬಿಡುತ್ತಿದ್ದಳು, ಬೇಯಿಸುವಾಗ ಉರಿ ಸಣ್ಣದಾಗಿಟ್ಟು ತಿರುವುತ್ತಲೇ ಇರುತ್ತಿದ್ದಳು. ಕಡಿಮೆಯಿದ್ದುದನ್ನು ಕೈಯ ಕೆಲಸದಿಂದ ತುಂಬಿಕೊಳ್ಳುತ್ತಿದ್ದಳು.

ಆ ಏಲ್‌ನ ಕಥೆಯೂ ಇದಕ್ಕೆ ದೂರವಿಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಬಿಯರಿನ ಆರಂಭದ ಸಾಂದ್ರತೆ ಸರಾಸರಿ 1.050ಕ್ಕಿಂತ ಮೇಲಿತ್ತು. ಯುದ್ಧ ಬಂದು ಧಾನ್ಯ ರೊಟ್ಟಿಗೆ ಬೇಕಾದಾಗ ಸರ್ಕಾರ ತೆರಿಗೆ ಏರಿಸಿತು, ಮಿತಿ ಹೇರಿತು. 1918ರ ಹೊತ್ತಿಗೆ ಆ ಸರಾಸರಿ 1.030ರ ಹತ್ತಿರಕ್ಕೆ ಇಳಿಯಿತು. ಯುದ್ಧ ಮುಗಿದ ಮೇಲೂ ಅದು ಹಳೆಯ ಮಟ್ಟಕ್ಕೆ ಮರಳಲಿಲ್ಲ. ಒಂದು ತಲೆಮಾರು ಕೊರತೆಯೆಂದು ಕುಡಿದದ್ದನ್ನು ಮುಂದಿನ ತಲೆಮಾರು ಹದವೆಂದು ಕಲಿತುಕೊಂಡಿತು. ಪಕ್ಕದ ಮನೆಯ ಹಿರಿಯರ ತಂದೆ ಅಂಥ ಕಾಲದವರೇ. ಶೆಫೀಲ್ಡಿನ ಆ ಗೂಡಿಗೂ ನಮ್ಮ ಅವ್ವನ ಒಲೆಯ ಮೂಲೆಗೂ ನಡುವೆ ಸಾವಿರಾರು ಮೈಲಿ ಇದೆ, ಮದ್ಯ ಮತ್ತು ಅನ್ನ ಎಂಬ ದೊಡ್ಡ ಅಂತರವೂ ಇದೆ. ಅದನ್ನು ಅಳಿಸುವ ಇಚ್ಛೆ ನನಗಿಲ್ಲ. ಆದರೆ ಧಾನ್ಯ ಕಡಿಮೆಯಾದಾಗ ಎರಡು ಮನೆಗಳವರೂ ಕೈಚೆಲ್ಲಲಿಲ್ಲ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಈ ಜುಲೈನಲ್ಲಿ

ಹೈಡ್ರೋಮೀಟರನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಥರ್ಮಾಮೀಟರ್ ಮಾತ್ರ ಈಗಲೂ ಬಳಕೆಯಲ್ಲಿದೆ, ಅಂಬಲಿಗೆ. ಈಗ ಅವ್ವ ನಮ್ಮೊಡನೆ ಟಿಳಕವಾಡಿಯ ಮನೆಯಲ್ಲಿದ್ದಾಳೆ. ಮೊಣಕಾಲು ನೋವಿನಿಂದ ಒಲೆಯ ಮುಂದೆ ಬಹಳ ಹೊತ್ತು ನಿಲ್ಲಲಾರಳು. ಹಿಟ್ಟು ಕಲಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಊರಲ್ಲಿ ಮೂರು ವಾರದಿಂದ ಬಿಡದೆ ಮಳೆ. ಅಡುಗೆಮನೆಯಲ್ಲಿ ಬೆಳಗಿನ ಜಾವ 21 ಡಿಗ್ರಿ. ಏಲ್‌ಗೆ ಇದು ಬಹುತೇಕ ಹೊಂದುವ ಹವೆ ಎಂದು ಪ್ರತಿ ವರ್ಷ ಈ ತಿಂಗಳಲ್ಲಿ ಅನ್ನಿಸುತ್ತದೆ, ಅನ್ನಿಸಿ ಸುಮ್ಮನಾಗುತ್ತೇನೆ. ಗಡಿಗೆಗೆ ಶೆಫೀಲ್ಡಿನಲ್ಲಿ ಮಾಡುತ್ತಿದ್ದಂತೆಯೇ ಕಂಬಳಿ ಸುತ್ತಿ ಒಲೆಯ ಪಕ್ಕದಲ್ಲಿಟ್ಟು ಮಲಗುತ್ತೇನೆ.

ಮೊನ್ನೆ ಭಾನುವಾರ ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಮೇಲೆ ಸಣ್ಣ ಗುಳ್ಳೆಗಳು ಎದ್ದಿದ್ದವು, ವಾಸನೆಯೂ ಶುದ್ಧವಾಗಿತ್ತು. ನನ್ನ ಲೆಕ್ಕದಲ್ಲಿ ಹದಿಮೂರು ತಾಸು ಆಗಿತ್ತು, ಒಳಗೆ 27 ಡಿಗ್ರಿ ಇತ್ತು, ಆಗಿರಲೇಬೇಕು ಎಂದುಕೊಂಡು ನೀರು ಕುದಿಯಲು ಇಟ್ಟೆ. ಅವ್ವ ಕುರ್ಚಿಯಿಂದ ಕೈಚಾಚಿ ಗಡಿಗೆಯನ್ನು ಹತ್ತಿರ ತರಿಸಿಕೊಂಡಳು. ಬೆರಳನ್ನು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು, ಮತ್ತೆ ಬಟ್ಟೆಯನ್ನು ಬಾಯಿಗೆ ಎಳೆದು ಕಟ್ಟಿದಳು. “ಹುಳಿ ಬಂದೈತಿ, ಇನ್ನ ರುಚಿ ಬಂದಿಲ್ಲ. ನೀರ ಆರಸು. ತಾಸ ಬಿಟ್ಟ ನೋಡೂಣು” ಎಂದಳು. ನಾನು ಒಲೆ ಆರಿಸಿ, ಕಂಬಳಿಯನ್ನು ಮತ್ತೆ ಸುತ್ತಿ, ಅವಳ ಪಕ್ಕದಲ್ಲಿ ಕುಳಿತೆ.